ಸಿದ್ಧ ಗಣಕಯಂತ್ರದಲ್ಲಿ ಮದರ್‌ಬೋರ್ಡಿನ ಬದಲಾವಣೆ: ಅಳತೆ ಮತ್ತು ಒಡೆತನದ ದೃಷ್ಟಿಯಿಂದ ಒಂದು ವಿಮರ್ಶೆ

೧

ಇತಿಹಾಸವನ್ನು ಕುರಿತ ಸಂಶೋಧನ ಸಂಚಿಕೆಯಲ್ಲಿ ಗಣಕಯಂತ್ರದ ಒಂದು ಭಾಗವನ್ನು ಕುರಿತ ಬರಹಕ್ಕೆ ಎಡೆಯುಂಟೆ ಎಂಬ ಶಂಕೆ ವಾಚಕರಲ್ಲಿ ಮೂಡುವುದು ಸಹಜ. ಈ ಶಂಕೆಗೆ ನಮ್ಮ ಸಮಾಧಾನ ಎರಡು ಬಗೆಯದು. ಮೊದಲನೆಯದಾಗಿ, ಇಂದು ಶಾಸನಗಳ ಪಡಿಯಚ್ಚು, ಪಾಠ, ಕ್ಷೇತ್ರಕಾರ್ಯದ ಟಿಪ್ಪಣಿ ಇವೆಲ್ಲವೂ ಈ ಯಂತ್ರದಲ್ಲಿಯೇ ನೆಲೆಗೊಂಡಿವೆ. ಆದಕಾರಣ ಪೆಟ್ಟಿಗೆಯ ಗುಣದೋಷಗಳನ್ನು ಅರಿಯುವುದು ಅದರೊಳಗಿನ ಆಕರಗಳನ್ನು ಅರಿಯುವಷ್ಟೇ ಅವಶ್ಯಕ. ಎರಡನೆಯದಾಗಿ, ಮದರ್‌ಬೋರ್ಡಿನ ಬದಲಾವಣೆ ಎಂಬ ಈ ಸಣ್ಣ ಕಾರ್ಯದ ಹಿಂದೆ ಅಳತೆ ಯಾರದು, ಒಡೆತನ ಯಾರದು ಎಂಬ ಎರಡು ಹಳೆಯ ಪ್ರಶ್ನೆಗಳು ಅಡಗಿವೆ. ಇವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದುವಲ್ಲ.

ಮದರ್‌ಬೋರ್ಡು ಎಂದರೆ ಯಂತ್ರದ ಸಂಸ್ಕಾರಕ, ಸ್ಮೃತಿ, ಡಿಸ್ಕು, ವಿದ್ಯುತ್ ಪೂರೈಕೆ ಇವೆಲ್ಲ ಬಂದು ಕೂಡುವ ಫಲಕ. ಇದನ್ನು ಮಾತೃಫಲಕವೆಂದು ಕರೆಯುವವರೂ ಉಂಟು. ನಾವು ಬಳಕೆಯಲ್ಲಿರುವ ಮಾತನ್ನೇ ಉಳಿಸಿಕೊಂಡಿದ್ದೇವೆ. ಸಿದ್ಧ ಗಣಕಯಂತ್ರವೆಂದರೆ ಬಿಡಿಭಾಗಗಳನ್ನು ಕೊಂಡು ಜೋಡಿಸಿದುದಲ್ಲ, ತಯಾರಕನು ತನ್ನ ಹೆಸರಿನಲ್ಲಿ ಪೂರ್ಣವಾಗಿ ಜೋಡಿಸಿ ಮಾರಿದುದು. ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವುದು ಬಹುಮಟ್ಟಿಗೆ ಇದೇ.

ಈ ವಿಚಾರಕ್ಕೆ ನಮ್ಮನ್ನು ನೂಕಿದ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳುವುದು ನ್ಯಾಯ. ನಮ್ಮ ಬಳಕೆಯಲ್ಲಿದ್ದ ಇಂಥ ಒಂದು ಸಿದ್ಧ ಯಂತ್ರವು ಕಳೆದ ಮಳೆಗಾಲದಲ್ಲಿ ವಿದ್ಯುತ್ತಿನ ಏರಿಳಿತಕ್ಕೆ ಸಿಕ್ಕಿ ನಿಂತುಹೋಯಿತು. ಎರಡು ವರ್ಷಗಳ ಕಾಲ ವಿದ್ಯಾರ್ಥಿಗಳು ಊರೂರು ಅಲೆದು ಬರೆದುಕೊಂಡು ಬಂದ ವೀರಗಲ್ಲುಗಳ ಪಾಠಗಳು ಅದರ ಡಿಸ್ಕಿನಲ್ಲಿದ್ದವು. ಪರೀಕ್ಷಿಸಿದ ತಂತ್ರಜ್ಞರು, ಸುಟ್ಟಿರುವುದು ಮದರ್‌ಬೋರ್ಡು ಮಾತ್ರ, ಉಳಿದುದೆಲ್ಲ ಸುಸ್ಥಿತಿಯಲ್ಲಿದೆ ಎಂದು ತಿಳಿಸಿ, ಅದೇ ಉಸಿರಿನಲ್ಲಿ ಹೊಸ ಯಂತ್ರವನ್ನು ಕೊಳ್ಳುವುದೇ ಲೇಸು ಎಂದರು. ಒಂದು ಅಂಗ ಕೆಟ್ಟಿತೆಂದು ಸುಸ್ಥಿತಿಯಲ್ಲಿರುವ ಉಳಿದೆಲ್ಲವನ್ನೂ ಎಸೆಯಬೇಕೆಂಬ ಈ ತೀರ್ಮಾನ ಎಲ್ಲಿಂದ ಬಂತು? ಈ ಲೇಖನದ ವಿಚಾರ ಇದು.

೨

ಅಳತೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಗಳೆ, ಕೋಲುಗಳ ಉಲ್ಲೇಖ ಹೇರಳವಾಗಿದೆ. ಅವು ಊರಿಂದೂರಿಗೆ ಭಿನ್ನವಾಗಿದ್ದುದೂ ತಿಳಿದ ವಿಷಯವೇ. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಕೋಲಿನ ಉದ್ದವನ್ನು ಕಲ್ಲಿನ ಮೇಲೆಯೇ ಗುರುತಿಸಿಟ್ಟಿದ್ದಾರೆ. ಅಳತೆಯು ಅಧಿಕಾರಿಯ ಕೈಯೊಳಗಿನ ಗುಟ್ಟಾಗಿ ಉಳಿಯದೆ, ಯಾರು ಬೇಕಾದರೂ ಬಂದು ತಾಳೆ ನೋಡಬಹುದಾದ ಸಾರ್ವಜನಿಕ ವಸ್ತುವಾಗುವುದು ಇಂಥ ಗುರುತಿನ ಪ್ರಯೋಜನ. ಗಣಕಯಂತ್ರದ ಚರಿತ್ರೆಯಲ್ಲಿಯೂ ಇಂತಹ ಗುರುತೊಂದು ಮೂಡಿತು. ಆದರೆ ಅದನ್ನು ಮೂಡಿಸಿದವರು ಆ ಉದ್ದೇಶವನ್ನು ಇಟ್ಟುಕೊಂಡಿರಲಿಲ್ಲ.

೧೯೮೧ರ ಆಗಸ್ಟ್ ೧೨ರಂದು ಐ.ಬಿ.ಎಂ. ಸಂಸ್ಥೆ ತನ್ನ ವೈಯಕ್ತಿಕ ಗಣಕವನ್ನು ಪ್ರಕಟಿಸಿತು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಆತುರದಿಂದ ಅದು ಇಂಟೆಲ್ ಸಂಸ್ಥೆಯ ೮೦೮೮ ಸಂಸ್ಕಾರಕವೇ ಮೊದಲಾದ ಇತರರ ಭಾಗಗಳನ್ನು ಕೊಂಡು ಬಳಸಿತು. ಫಲಕದ ಮೇಲೆ ಐದು ಖಾಲಿ ಕಿಂಡಿಗಳನ್ನು ಬಿಟ್ಟು, ಮಂಡಲ ಚಿತ್ರಗಳನ್ನೂ ಮೂಲ ತಂತ್ರಾಂಶದ ಪಾಠವನ್ನೂ ಒಳಗೊಂಡ ಕೈಪಿಡಿಯನ್ನು ಮಾರಾಟಕ್ಕಿಟ್ಟಿತು. ಮೂಲ ತಂತ್ರಾಂಶದ ಮೇಲೆ ಕೃತಿಸ್ವಾಮ್ಯವಿತ್ತು, ನಿಜ. ಆದರೆ ಕಾಂಪ್ಯಾಕ್ ಸಂಸ್ಥೆಯವರು, ಆ ಪಾಠವನ್ನು ಓದಿದವರು ಬರೆಯದಂತೆಯೂ ಬರೆಯುವವರು ಓದದಂತೆಯೂ ಕಾರ್ಯವನ್ನು ಬೇರ್ಪಡಿಸಿ, ಅದೇ ಫಲವನ್ನು ಕೊಡುವ ತಂತ್ರಾಂಶವನ್ನು ಸ್ವತಂತ್ರವಾಗಿ ರಚಿಸಿ, ೧೯೮೨ರ ಕೊನೆಯಲ್ಲಿ ತಮ್ಮ ಯಂತ್ರವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಐ.ಬಿ.ಎಂ. ಯಂತ್ರದ ಅಳತೆಯು ಒಂದು ಸಂಸ್ಥೆಯ ಸ್ವತ್ತಾಗಿ ಉಳಿಯಲಿಲ್ಲ. ಅದರ ಪೆಟ್ಟಿಗೆಯಲ್ಲಿ ಸ್ಕ್ರೂ ರಂಧ್ರಗಳಿದ್ದ ಸ್ಥಾನವೇ ಉಳಿದವರಿಗೂ ಪ್ರಮಾಣವಾಯಿತು.

ಕಳೆದುಕೊಂಡ ಅಳತೆಯನ್ನು ಮರಳಿ ಪಡೆಯಲು ಐ.ಬಿ.ಎಂ. ಯತ್ನಿಸದೆ ಇರಲಿಲ್ಲ. ೧೯೮೭ರಲ್ಲಿ ಅದು ಹೊರತಂದ ಪಿ.ಎಸ್./೨ ಯಂತ್ರಗಳ ಒಳಗಿನ ಜೋಡಣೆ ಹಳೆಯದಕ್ಕೆ ಹೊಂದುತ್ತಿರಲಿಲ್ಲ. ತಾಂತ್ರಿಕವಾಗಿ ಅದು ಮೇಲಾಗಿತ್ತು, ಆದರೆ ಬಳಸಬಯಸುವ ತಯಾರಕರು ಐ.ಬಿ.ಎಂ.ಗೆ ಕಪ್ಪ ಕೊಡಬೇಕಾಗಿತ್ತು. ೧೯೮೮ರಲ್ಲಿ ಕಾಂಪ್ಯಾಕ್ ಮೊದಲಾದ ಒಂಬತ್ತು ತಯಾರಕರು ಒಂದುಗೂಡಿ, ಹಳೆಯದಕ್ಕೂ ಹೊಂದುವ ಬೇರೊಂದು ಜೋಡಣೆಯನ್ನು ಪ್ರಕಟಿಸಿದರು. ಐ.ಬಿ.ಎಂ.ನ ಹೊಸ ಜೋಡಣೆ ಕಾಲಕ್ರಮದಲ್ಲಿ ಕಣ್ಮರೆಯಾಯಿತು. ಉತ್ತಮವಾದುದು ಸೋತು ಸಾರ್ವಜನಿಕವಾದುದು ಉಳಿಯಿತೆಂಬ ಈ ಸಂಗತಿ ಗಮನಾರ್ಹವಾದುದು.

೧೯೯೫ರಲ್ಲಿ ಇಂಟೆಲ್ ಪ್ರಕಟಿಸಿದ ಎ.ಟಿ.ಎಕ್ಸ್. ಎಂಬ ಪ್ರಮಾಣದೊಡನೆ ಈ ಚರಿತ್ರೆಯ ಒಂದು ಘಟ್ಟ ಮುಗಿಯುತ್ತದೆ. ಪೂರ್ಣ ಫಲಕ ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲ. ೧೯೯೭ರಲ್ಲಿ ಬಂದ ಕಿರಿಯ ರೂಪ ಎರಡು ಬದಿಯಲ್ಲಿಯೂ ೨೪೪ ಮಿಲಿಮೀಟರ್. ಸ್ಕ್ರೂಗಳ ಸ್ಥಾನ, ಹಿಂಬದಿಯ ಕಿಂಡಿಯ ಅಳತೆ, ವಿದ್ಯುತ್ ಪೂರೈಸುವ ೨೦ ಸೂಜಿಗಳ ಕೂಡುಕೊಂಡಿಯ ಒಂದೊಂದು ಸೂಜಿಯ ಅರ್ಥ, ಎಲ್ಲವೂ ಬರಹದಲ್ಲಿ ಪ್ರಕಟವಾದುವು. ಇದಕ್ಕೆ ಹಿಂದಿನ ಯಂತ್ರಗಳಲ್ಲಿ ವಿದ್ಯುತ್ತಿನ ಎರಡು ಕೂಡುಕೊಂಡಿಗಳನ್ನು ಅದಲುಬದಲು ಮಾಡಿ ಫಲಕವನ್ನು ಸುಡುವ ಅಪಾಯವಿತ್ತು. ಹೊಸ ಕೂಡುಕೊಂಡಿ ತಪ್ಪು ದಿಕ್ಕಿನಲ್ಲಿ ಹೋಗಲಾರದು. ಹೀಗೆ ಒಬ್ಬನು ಮಾಡಿದ ಪೆಟ್ಟಿಗೆಯಲ್ಲಿ ಇನ್ನೊಬ್ಬನು ಮಾಡಿದ ಫಲಕವನ್ನು ಮೂರನೆಯವನು ಕೂಡಿಸುವುದು ಸಾಧ್ಯವಾಯಿತು. ದೇವಾಲಯದ ಕಲ್ಲಿನ ಮೇಲಿನ ಕೋಲು ಎಂದರೆ ಇದೇ.

೩

ಸಿದ್ಧ ಯಂತ್ರದ ತಯಾರಕರು ಈ ಕೋಲನ್ನು ಹೇಗೆ ಬಳಸಿದರು? ಇದಕ್ಕೆ ನಿದರ್ಶನವಾಗಿ ದಾಖಲೆಯಾದ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತೇವೆ. ೧೯೯೦ರ ದಶಕದ ಕೊನೆಯಿಂದ ಕೆಲವು ವರ್ಷಗಳ ಕಾಲ ಡೆಲ್ ಸಂಸ್ಥೆಯ ಹಲವು ಯಂತ್ರಗಳಲ್ಲಿ ವಿದ್ಯುತ್ತಿನ ಕೂಡುಕೊಂಡಿಯು ನೋಡಲು ಎ.ಟಿ.ಎಕ್ಸ್. ಪ್ರಮಾಣದ ೨೦ ಸೂಜಿಗಳದೇ ಆಗಿತ್ತು. ಆದರೆ ಒಳಗಿನ ತಂತಿಗಳ ಕ್ರಮ ಬೇರೆಯಾಗಿತ್ತು. ಹೊರಗಿನ ಫಲಕವನ್ನು ತಂದು ಆ ಪೂರೈಕೆಗೆ ಕೂಡಿಸಿದರೆ ಅದು ಸಲೀಸಾಗಿ ಕೂಡುತ್ತಿತ್ತು, ಗುಂಡಿ ಒತ್ತಿದೊಡನೆ ಫಲಕವೋ ಪೂರೈಕೆಯೋ ಎರಡೂ ಸೇರಿಯೋ ಹಾಳಾಗುವ ಸಂಭವವಿತ್ತು. ಯಂತ್ರಗಳ ದುರಸ್ತಿಯನ್ನು ಕುರಿತು ಬರೆದ ಸ್ಕಾಟ್ ಮ್ಯುಲರ್ ಅವರು ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಅಪಾಯವನ್ನು ವಾಚಕರಿಗೆ ಎಚ್ಚರಿಸಿದ್ದಾರೆ.

ಬೇರೆ ಅಳತೆಯನ್ನು ಬಳಸುವುದು ಒಂದು. ಸಾರ್ವಜನಿಕ ಅಳತೆಯ ಆಕಾರವನ್ನು ಉಳಿಸಿಕೊಂಡು ಅದರ ಅರ್ಥವನ್ನು ಬದಲಿಸುವುದು ಇನ್ನೊಂದು. ಬೇರೆ ಆಕಾರದ ಕೊಳಗವನ್ನು ಕಂಡವನು ಎಚ್ಚರಗೊಳ್ಳುತ್ತಾನೆ. ಹೊರರೂಪ ಒಂದೇ ಆಗಿದ್ದು ಒಳಹಿಡಿತ ಬೇರೆಯಾದರೆ ಎಚ್ಚರಗೊಳ್ಳುವ ಅವಕಾಶವೇ ಇಲ್ಲ. ತಯಾರಕರ ಮನಸ್ಸಿನ ಉದ್ದೇಶವನ್ನು ಊಹಿಸುವುದು ನಮ್ಮ ಕೆಲಸವಲ್ಲ. ಫಲವನ್ನು ಮಾತ್ರ ನೋಡಿದರೂ, ಮೊದಲ ವರ್ಗದ ವ್ಯತ್ಯಾಸವನ್ನು ಅನನುಕೂಲವೆನ್ನಬಹುದು, ಎರಡನೆಯದನ್ನು ದೋಷವೆನ್ನಲೇಬೇಕು.

ಆದರೆ ಪ್ರಮಾಣದಿಂದ ದೂರ ಸರಿದುದೆಲ್ಲ ದುರುದ್ದೇಶವೆಂದು ತೀರ್ಮಾನಿಸುವುದು ಸರಿಯಾಗದು. ಪೆಂಟಿಯಂ ೪ರ ಕಾಲದಲ್ಲಿ ಸಂಸ್ಕಾರಕದ ಶಾಖ ವಿಪರೀತವಾದಾಗ, ಗಾಳಿಯ ಹರಿವನ್ನು ಸುಧಾರಿಸಲು ಇಂಟೆಲ್ ಸಂಸ್ಥೆಯೇ ಬಿ.ಟಿ.ಎಕ್ಸ್. ಎಂಬ ಬೇರೊಂದು ಪ್ರಮಾಣವನ್ನು ಮುಂದಿಟ್ಟಿತು. ಸಿದ್ಧ ಯಂತ್ರದ ಕೆಲವು ತಯಾರಕರು ಅದನ್ನು ನಂಬಿ ಅನುಸರಿಸಿದರು. ಶಾಖ ಕಡಿಮೆಯಾದ ಸಂಸ್ಕಾರಕಗಳು ೨೦೦೬ರಲ್ಲಿ ಬಂದೊಡನೆ ಇಂಟೆಲ್ ಅದನ್ನು ಕೈಬಿಟ್ಟಿತು. ಆ ಪೆಟ್ಟಿಗೆಗಳನ್ನು ಕೊಂಡವರು ಮಾತ್ರ ಬೇರಾವ ಫಲಕವೂ ಹೊಂದದ ಪೆಟ್ಟಿಗೆಗಳೊಡನೆ ಉಳಿದರು. ಅಂತೆಯೇ, ಈಚಿನ ಸಿದ್ಧ ಯಂತ್ರಗಳಲ್ಲಿ ೧೨ ವೋಲ್ಟನ್ನು ಮಾತ್ರ ಕೊಡುವ ವಿದ್ಯುತ್ ಪೂರೈಕೆಗಳು ಸಾಮಾನ್ಯವಾಗಿವೆ. ಉಳಿದ ವೋಲ್ಟುಗಳನ್ನು ಫಲಕವೇ ಮಾಡಿಕೊಳ್ಳಬೇಕು. ಯಂತ್ರವು ಸುಮ್ಮನಿರುವಾಗ ವ್ಯಯವಾಗುವ ವಿದ್ಯುತ್ತನ್ನು ಇದು ತಗ್ಗಿಸುತ್ತದೆಂಬುದು ಸತ್ಯ. ಇದಕ್ಕಾಗಿ ೧೦ ಸೂಜಿಗಳ ಕೂಡುಕೊಂಡಿಯ ಒಂದು ಸಾರ್ವಜನಿಕ ಪ್ರಮಾಣವನ್ನು ಇಂಟೆಲ್ ೨೦೨೦ರ ಸುಮಾರಿಗೆ ಮುಂದಿಟ್ಟಿದೆ. ಆದರೂ ತಂತಮ್ಮದೇ ಕೂಡುಕೊಂಡಿಯನ್ನು ಉಳಿಸಿಕೊಂಡ ತಯಾರಕರು ಇದ್ದಾರೆ. ಅಂಥ ಯಂತ್ರದಲ್ಲಿ ಫಲಕ ಕೆಟ್ಟರೆ ಪೂರೈಕೆಯನ್ನೂ ಬದಲಿಸಬೇಕು. ಪೂರೈಕೆಯ ಪೆಟ್ಟಿಗೆಯ ಅಳತೆಯೂ ಬೇರೆಯಾಗಿದ್ದರೆ ಹೊರಕವಚವನ್ನೂ ಬದಲಿಸಬೇಕು. ಇದಲ್ಲದೆ ಹಿಂಬದಿಯ ಕಿಂಡಿಯ ತಗಡು ಕವಚಕ್ಕೇ ಸೇರಿಕೊಂಡಿರುವುದು, ಮುಂಬದಿಯ ಗುಂಡಿಯ ತಂತಿಗಳೆಲ್ಲ ಒಂದೇ ವಿಶಿಷ್ಟ ಕೂಡುಕೊಂಡಿಯಲ್ಲಿ ಬರುವುದು ಇವೂ ಅಡ್ಡಿಗಳೇ. ಒಂದು ಅಂಗದ ಬದಲಾವಣೆ ಹೀಗೆ ಹೆಜ್ಜೆಹೆಜ್ಜೆಗೂ ಬೆಳೆದು ಹೊಸ ಯಂತ್ರದ ಬೆಲೆಯನ್ನು ಸಮೀಪಿಸುತ್ತದೆ. ನಮ್ಮ ತಂತ್ರಜ್ಞರ ಸಲಹೆಯ ಮೂಲ ಇಲ್ಲಿದೆ. ಆ ಸಲಹೆ ಅವರ ಸೋಮಾರಿತನದ ಫಲವಲ್ಲ, ಯಂತ್ರದ ರಚನೆಯ ಫಲ.

ಬಿಡಿಭಾಗಗಳ ಪೇಟೆಯೂ ನಿರ್ದೋಷಿಯಲ್ಲವೆಂಬುದನ್ನು ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ೨೦೧೫ರಲ್ಲಿ ಇಂಟೆಲ್ ತಂದ ೧೧೫೧ ಸ್ಪರ್ಶಬಿಂದುಗಳ ಸಂಸ್ಕಾರಕ ಪೀಠವೇ ೨೦೧೭ರ ಸಂಸ್ಕಾರಕಗಳಿಗೂ ಮುಂದುವರಿಯಿತು. ಹೆಸರು ಅದೇ, ಆಕಾರ ಅದೇ. ಕೆಲವು ಬಿಂದುಗಳ ಅರ್ಥ ಮಾತ್ರ ಬದಲಾಗಿತ್ತು. ಹಳೆಯ ಫಲಕದಲ್ಲಿ ಹೊಸ ಸಂಸ್ಕಾರಕವನ್ನು ನಡೆಸಲು ತಯಾರಕರು ಎಡೆಗೊಡಲಿಲ್ಲ. ಮೇಲೆ ಹೇಳಿದ ದೋಷದ ಸೌಮ್ಯ ರೂಪವೇ ಇದು.

೪

ನಮ್ಮ ಪ್ರಸಂಗಕ್ಕೆ ಮರಳುತ್ತೇವೆ. ಅಳತೆಯ ಈ ತೊಡಕುಗಳನ್ನು ಅರಿತ ಮೇಲೆ ನಮಗೆ ಉಳಿದುದು ಒಂದೇ ದಾರಿ, ಅದೇ ಮಾದರಿಯ ಹಳೆಯ ಫಲಕವನ್ನು ಹುಡುಕುವುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎರಡು ದಿನ ವಿಚಾರಿಸಿದ ತರುವಾಯ ಅಂತಹುದೊಂದು ದೊರೆಯಿತು. ಸ್ಕ್ರೂಗಳು ಕೂಡಿದವು, ತಂತಿಗಳು ಕೂಡಿದವು, ಯಂತ್ರ ಎಚ್ಚರಗೊಂಡಿತು. ಆದರೆ ತೆರೆಯ ಮೇಲೆ ಮೂಡಿದುದು ೪೮ ಅಂಕೆಗಳ ಒಂದು ಕೀಲಿಯನ್ನು ಕೇಳುವ ಬರಹ.

ಇದರ ಕಾರಣವನ್ನು ವಿವರಿಸಬೇಕು. ಈಚಿನ ಯಂತ್ರಗಳಲ್ಲಿ ಟಿ.ಪಿ.ಎಂ. ಎಂಬ ರಕ್ಷಣೆಯ ಭಾಗವೊಂದಿದೆ. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಇದನ್ನು ಕಡ್ಡಾಯ ಮಾಡಿತು. ಡಿಸ್ಕಿನ ಬರಹವನ್ನು ಗೂಢಲಿಪಿಗೆ ತಿರುಗಿಸಿದಾಗ ಅದನ್ನು ಬಿಡಿಸುವ ಕೀಲಿಯನ್ನು ಈ ಭಾಗವು ಕಾಪಾಡುತ್ತದೆ. ಫಲಕ ಬದಲಾದರೆ ಕೀಲಿಯೂ ಹೋಯಿತು. ಮೊದಲೇ ಬರೆದಿಟ್ಟ ೪೮ ಅಂಕೆಗಳ ಮರುಪಡೆಯುವ ಕೀಲಿಯೊಂದೇ ಗತಿ. ೨೦೨೪ರ ಆವೃತ್ತಿಯಿಂದೀಚೆಗೆ, ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದೊಡನೆ, ಈ ಗೂಢಲಿಪಿಯ ಕಾರ್ಯ ತಾನಾಗಿಯೇ ನಡೆಯುತ್ತದೆ. ಕೀಲಿಯ ಪ್ರತಿ ಆ ಖಾತೆಗೆ ಸೇರುತ್ತದೆ. ನಮ್ಮ ಯಂತ್ರದಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದ ದಿನ ಬಳಸಿದ ಖಾತೆ, ಆಮೇಲೆ ಕೆಲಸ ಬಿಟ್ಟು ಹೋದವರೊಬ್ಬರದು. ಆ ಖಾತೆಯ ಗುಪ್ತಪದ ಅವರಿಗೂ ನೆನಪಿರಲಿಲ್ಲ, ಅದಕ್ಕೆ ಕೊಟ್ಟಿದ್ದ ದೂರವಾಣಿ ಸಂಖ್ಯೆಯೂ ಈಗ ಅವರದಲ್ಲ. ಕಲ್ಲುಗಳ ಛಾಯಾಚಿತ್ರಗಳಲ್ಲಿ ಹಲವು ವಿದ್ಯಾರ್ಥಿಗಳ ಬಳಿ ಉಳಿದಿದ್ದವು; ಸ್ಥಳದಲ್ಲಿ ಕುಳಿತು ಬೆರಳಿನಿಂದ ತಡವಿ ಓದಿದ ಪಾಠಗಳು ಉಳಿಯಲಿಲ್ಲ. ಡಿಸ್ಕು ಇಂದಿಗೂ ನಮ್ಮ ಬೀರುವಿನಲ್ಲಿದೆ. ಅದರಲ್ಲಿ ಅಕ್ಷರಗಳಿವೆ, ಓದುವ ಉಪಾಯವಿಲ್ಲ. ನೂರಾರು ವರ್ಷ ಮಳೆಗಾಳಿಗೆ ಒಡ್ಡಿಕೊಂಡ ಕಲ್ಲು ಓದಿಗೆ ದಕ್ಕಿತು; ಅದರ ಪ್ರತಿ ಎರಡು ವರ್ಷ ಬಾಳಲಿಲ್ಲ.

ಗೂಢಲಿಪಿಯನ್ನು ನಾವು ಹಳಿಯುತ್ತಿಲ್ಲ. ಕದ್ದ ಯಂತ್ರದಿಂದ ಪರರ ಬರಹವನ್ನು ಓದದಂತೆ ತಡೆಯುವುದು ಯೋಗ್ಯವಾದುದೇ. ನಮ್ಮ ಆಕ್ಷೇಪ ಬೇರೆ. ಯಂತ್ರದ ಗುರುತನ್ನು ಒಂದೇ ಫಲಕಕ್ಕೆ ಕಟ್ಟಿಹಾಕಿ, ಹಾಗೆ ಕಟ್ಟಿದುದನ್ನು ಒಡೆಯನಿಗೆ ತಿಳಿಯುವಂತೆ ಹೇಳದಿರುವುದು ನಮ್ಮ ಆಕ್ಷೇಪಕ್ಕೆ ವಿಷಯ.

ಪರವಾನಿಗೆಯ ವಿಚಾರದಲ್ಲಿಯೂ ಇದೇ ಧೋರಣೆ ಕಾಣುತ್ತದೆ. ೨೦೦೧ರಲ್ಲಿ ವಿಂಡೋಸ್ ಎಕ್ಸ್.ಪಿ.ಯೊಡನೆ ಯಂತ್ರದ ಭಾಗಗಳನ್ನು ಎಣಿಸಿ ಗುರುತು ಹಿಡಿಯುವ ಪದ್ಧತಿ ಬಂತು. ೨೦೧೨ರಲ್ಲಿ ವಿಂಡೋಸ್ ೮ರೊಡನೆ, ಸಿದ್ಧ ಯಂತ್ರದ ಪರವಾನಿಗೆಯ ಸಂಖ್ಯೆಯನ್ನು ಫಲಕದ ಮೂಲ ತಂತ್ರಾಂಶದಲ್ಲಿಯೇ ಬರೆದಿಡುವುದು ಆರಂಭವಾಯಿತು. ಸಿದ್ಧ ಯಂತ್ರಗಳ ಪರವಾನಿಗೆಯನ್ನು ಕುರಿತು ಮೈಕ್ರೋಸಾಫ್ಟ್ ತಳೆದ ನಿಲುವಿನ ಸಾರವಿದು: ಡಿಸ್ಕು, ಸ್ಮೃತಿ ಮೊದಲಾದುವನ್ನು ಬದಲಿಸಿದರೂ ಯಂತ್ರ ಅದೇ, ಮದರ್‌ಬೋರ್ಡು ದೋಷದ ಕಾರಣದಿಂದಲ್ಲದೆ ಬದಲಾದರೆ ಅದು ಹೊಸ ಯಂತ್ರ, ಅದಕ್ಕೆ ಹೊಸ ಪರವಾನಿಗೆ ಬೇಕು. ಎಲ್ಲ ಭಾಗಗಳೂ ಬದಲಾಗಬಲ್ಲವಾದ್ದರಿಂದ ಎಲ್ಲಿಯೋ ಒಂದು ಕಡೆ ಗೆರೆಯೆಳೆಯಬೇಕೆಂಬುದು ಅವರ ಸಮರ್ಥನೆ.

ಇದು ಹಳೆಯ ಪ್ರಶ್ನೆ. ಮಿಲಿಂದಪಞ್ಹದಲ್ಲಿ ನಾಗಸೇನನು ಯವನ ರಾಜನನ್ನು ಕೇಳುತ್ತಾನೆ: ರಥವೆಂದರೆ ಅಚ್ಚೆ, ಗಾಲಿಯೆ, ನೊಗವೆ? ಯಾವುದೂ ಅಲ್ಲವೆಂದು ರಾಜನು ಒಪ್ಪಬೇಕಾಗುತ್ತದೆ. ಭಾಗಗಳ ಕೂಟಕ್ಕೆ ವ್ಯವಹಾರದಲ್ಲಿ ಕೊಟ್ಟ ಹೆಸರು ರಥವೆಂಬುದೇ ಅಲ್ಲಿಯ ನಿರ್ಣಯ. ಪ್ಲೂಟಾರ್ಕನು ಥೀಸಿಯಸನ ಹಡಗನ್ನು ಕುರಿತು ಹೇಳಿದ ವಾದವೂ ಇದಕ್ಕೆ ಸಮೀಪದ್ದು. ಪರವಾನಿಗೆಯನ್ನು ಬರೆದವರು ಮಾತ್ರ ಅಚ್ಚೇ ರಥವೆಂದು ಉತ್ತರಿಸಿದ್ದಾರೆ. ತಾತ್ತ್ವಿಕ ಪ್ರಶ್ನೆಗೆ ವ್ಯಾಪಾರದ ಒಪ್ಪಂದವು ಉತ್ತರ ಕೊಟ್ಟಿದೆ. ಆ ಉತ್ತರದಿಂದ ಯಾರಿಗೆ ಲಾಭ, ಯಾರಿಗೆ ವೆಚ್ಚ ಎಂಬುದನ್ನು ಯಾವುದೇ ಶಾಸನವನ್ನು ಓದುವಾಗ ಕೇಳುವಂತೆ ಇಲ್ಲಿಯೂ ಕೇಳಬೇಕು.

ಈಚೆಗೆ ಈ ಬಂಧನ ವಿರುದ್ಧ ದಿಕ್ಕಿನಲ್ಲಿಯೂ ನಡೆದಿದೆ. ಎ.ಎಂ.ಡಿ. ಸಂಸ್ಥೆಯ ಕೆಲವು ಸಂಸ್ಕಾರಕಗಳನ್ನು ತಯಾರಕನು ತನ್ನ ಫಲಕಕ್ಕೆ ಶಾಶ್ವತವಾಗಿ ಬಂಧಿಸಬಹುದು. ಹಾಗೆ ಬಂಧಿಸಿದ ಸಂಸ್ಕಾರಕವು ಬೇರೆ ತಯಾರಕನ ಫಲಕದಲ್ಲಿ ನಡೆಯುವುದಿಲ್ಲವೆಂಬುದು ೨೦೨೦ರಲ್ಲಿ ವ್ಯಾಪಕವಾಗಿ ತಿಳಿದುಬಂತು. ಫಲಕ ಕೆಟ್ಟಾಗ ಉಳಿಯಬಹುದಾಗಿದ್ದ, ಯಂತ್ರದಲ್ಲಿ ಬೆಲೆಬಾಳುವ ಭಾಗವೂ ಆಗ ನಿರುಪಯುಕ್ತವಾಗುವ ಸಂಭವವಿದೆ.

೫

ಒಟ್ಟಿನಲ್ಲಿ ನಮ್ಮ ವಾದವಿಷ್ಟು. ಸಿದ್ಧ ಗಣಕಯಂತ್ರವು ಸಾರ್ವಜನಿಕ ಅಳತೆಯ ಫಲವಾಗಿ ಹುಟ್ಟಿ ಬೆಳೆದುದು. ಆ ಅಳತೆಯಿಲ್ಲದಿದ್ದರೆ ಅದು ಈ ಬೆಲೆಗೆ ದೊರೆಯುತ್ತಲೇ ಇರಲಿಲ್ಲ. ಕೊಳ್ಳುವಾಗ ಆ ಅಳತೆಯ ಲಾಭವನ್ನು ಪಡೆದು, ದುರಸ್ತಿಯ ವೇಳೆಗೆ ಅದನ್ನು ಹಿಂದೆಗೆದುಕೊಳ್ಳುವ ಯಂತ್ರವನ್ನು ಮಾರಿದವರು ಅರ್ಧ ವಸ್ತುವನ್ನು ಮಾತ್ರ ಮಾರಿದ್ದಾರೆ. ಯಂತ್ರ ನಮ್ಮದು ಹೌದೋ ಅಲ್ಲವೋ ಎಂಬುದನ್ನು ಖರೀದಿಯ ರಸೀದಿ ತೀರ್ಮಾನಿಸದು. ಮದರ್‌ಬೋರ್ಡನ್ನು ಬದಲಿಸುವ ದಿನ ಅದು ತೀರ್ಮಾನವಾಗುತ್ತದೆ.

ಕಾನೂನು ಇತ್ತ ತಿರುಗಿ ನೋಡತೊಡಗಿದೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕನ್ನು ಕುರಿತು ೨೦೨೨ರ ಜುಲೈನಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆರಂಭಕ್ಕೆ ಆರಿಸಿದ ಕ್ಷೇತ್ರಗಳು ಕೃಷಿಯ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ಮೋಟಾರು ವಾಹನ ಇವು. ಮೇಜಿನ ಗಣಕಯಂತ್ರ ಈ ಪಟ್ಟಿಯಲ್ಲಿ ಹೆಸರಿನಿಂದ ಕಾಣಿಸಲಿಲ್ಲ. ಯೂರೋಪಿನ ಒಕ್ಕೂಟ ೨೦೨೪ರಲ್ಲಿ ಅಂಗೀಕರಿಸಿದ ದುರಸ್ತಿಯ ನಿರ್ದೇಶನದ ಪಟ್ಟಿಯಲ್ಲಿಯೂ ಅದು ಇಲ್ಲ. ಸುಲಭವಾಗಿ ದುರಸ್ತಿಯಾಗುವ ವಸ್ತುವೆಂಬ ಹಳೆಯ ಕೀರ್ತಿಯೇ ಇದಕ್ಕೆ ಕಾರಣವಿರಬಹುದೇ ಎಂದು ನಮಗೆ ತೋರುತ್ತದೆ.

ಕಾನೂನು ಬರುವವರೆಗೆ ಕಾಲೇಜುಗಳು ಮಾಡಬಹುದಾದ ಕೆಲಸವುಂಟು. ಖರೀದಿಯ ಟೆಂಡರುಗಳಲ್ಲಿ ಸಂಸ್ಕಾರಕದ ವೇಗ, ಸ್ಮೃತಿಯ ಪ್ರಮಾಣ ಇವನ್ನು ವಿವರವಾಗಿ ಬರೆಯುವ ನಾವು, ಫಲಕದ ಅಳತೆ ಪ್ರಕಟಿತ ಪ್ರಮಾಣಕ್ಕೆ ಒಳಪಟ್ಟಿದೆಯೆ, ವಿದ್ಯುತ್ತಿನ ಕೂಡುಕೊಂಡಿ ಯಾವ ಪ್ರಮಾಣದ್ದು, ಫಲಕವು ಬಿಡಿಯಾಗಿ ಎಷ್ಟು ವರ್ಷ ದೊರೆಯುತ್ತದೆ, ಸಂಸ್ಕಾರಕವು ಬಂಧಿತವೆ, ಪರವಾನಿಗೆ ಯಾವ ಬಗೆಯದು ಎಂಬ ಐದು ಪ್ರಶ್ನೆಗಳನ್ನೂ ಸೇರಿಸಬೇಕು. ಯಂತ್ರ ಬಂದ ದಿನವೇ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದು ದಾಸ್ತಾನು ಪುಸ್ತಕದೊಡನೆ ಭದ್ರವಾಗಿ ಇಡಬೇಕು. ಖಾತೆಯು ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ವ್ಯಕ್ತಿಯ ಹೆಸರಿನಲ್ಲಿರಬಾರದು. ಇದಕ್ಕೆಲ್ಲ ಹಣದ ವೆಚ್ಚವಿಲ್ಲ. ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕೆಂಬುದಂತೂ ಆಕರಗಳನ್ನು ಕಾಯುವವರಿಗೆ ಹೇಳಬೇಕಾದ ಮಾತಲ್ಲ. ನಾವು ಅದನ್ನು ಮಾಡಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಈ ವರ್ಷ ವಿದ್ಯಾರ್ಥಿಗಳ ಹೊಸ ತಂಡವೊಂದು ಅದೇ ಊರುಗಳಿಗೆ ಮತ್ತೆ ಹೊರಟಿದೆ. ಓದಿದ ಪಾಠವನ್ನು ಮೊದಲು ನೋಟುಪುಸ್ತಕದಲ್ಲಿ ಮಸಿಯಿಂದ ಬರೆದುಕೊಂಡು, ಬಳಿಕ ಯಂತ್ರಕ್ಕೆ ಏರಿಸಬೇಕೆಂದು ಅವರಿಗೆ ಹೇಳಿ ಕಳುಹಿಸಿದ್ದೇವೆ.